ಕಿಟಕಿಗೆ ಕೊಟ್ಟದ್ದು, ಬಾಗಿಲಿಗೆ ಒಯ್ದದ್ದು

ಹೊರಡುವ ಮುಹೂರ್ತಕ್ಕೆ ಸರಿಯಾಗಿ ಹೇಮಾವತಿ ಬಿದ್ದಳು.

ಬೀರೂರಿನ ಆ ಬೀದಿಯಲ್ಲಿ ಅಂದು ಬೆಳಗ್ಗೆ ನಲ್ಲಿಯಲ್ಲಿ ನೀರು ಬಂದಿದ್ದರೂ ಯಾರೂ ಬಿಂದಿಗೆ ಮುಟ್ಟಿರಲಿಲ್ಲ; ಎಲ್ಲರೂ ಅವಳನ್ನು ಕಳಿಸಿಕೊಡಲು ನಿಂತಿದ್ದರು. ಬುಲೆಟ್ ಬೈಕಿಗೆ ಸೇವಂತಿಗೆ ಹಾರ ಹಾಕಿತ್ತು, ಹೆಡ್‌ಲೈಟಿಗೆ ವಿಭೂತಿಯ ಮೂರು ಗೆರೆ ಎಳೆದಿತ್ತು, ಎರಡು ಚಕ್ರದ ಕೆಳಗೂ ಒಂದೊಂದು ನಿಂಬೆಹಣ್ಣು ಇಟ್ಟಿತ್ತು. ಹಿಂದಿನ ಸೀಟಿನ ಮೇಲೆ ಟಾರ್ಪಾಲು ಸುತ್ತಿದ ಗಂಟು, ಎರಡೂ ಪಕ್ಕಕ್ಕೆ ಚೀಲ. ಐವತ್ತರ ಹೇಮಾವತಿ ಹೆಲ್ಮೆಟ್ ಹಾಕಿಕೊಂಡಳು, ಕುಂಕುಮ ಇಡಿಸಿಕೊಳ್ಳಲು ಅದನ್ನು ತೆಗೆದಳು, ಮತ್ತೆ ಹಾಕಿಕೊಂಡಳು, ಕಿಕ್ ಹೊಡೆದು, ಗೇರು ಹಾಕಿ, ಕ್ಲಚ್ ಬಿಟ್ಟಳು. ಮುಂದಿನ ಚಕ್ರದ ನಿಂಬೆಹಣ್ಣು ಪಚಕ್ ಎನ್ನಬೇಕಿತ್ತು. ಎನ್ನಲಿಲ್ಲ. ಇನ್ನೂ ಕಾಯಿಯಾಗಿತ್ತೋ ಏನೋ, ಚಕ್ರದಡಿಯಿಂದ ಜಾರಿ ಚರಂಡಿಯ ಕಡೆ ಓಡಿತು. ಚಕ್ರವೂ ಅದರ ಹಿಂದೆ ಅರ್ಧ ಗೇಣು ಹೊರಳಿತು. ಬುಲೆಟ್ಟಿಗೆ ಅರ್ಧ ಗೇಣು ಸಾಕು. ಅದು ಬೀಳುವುದು ದೊಡ್ಡ ಮನುಷ್ಯರು ಇನ್ನೊಬ್ಬರ ಕಾಲಿಗೆ ಬೀಳುವ ಹಾಗೆ: ನಿಧಾನವಾಗಿ, ಯಾರಾದರೂ ತಡೆಯಲಿ ಎಂದು ಕಾಯುತ್ತಾ. ಯಾರೂ ತಡೆಯಲಿಲ್ಲ.

ಅವಳ ಗಂಡ ರಾಜಶೇಖರ ಒಡೆಯಲೆಂದು ತೆಂಗಿನಕಾಯಿ ಎತ್ತಿ ಹಿಡಿದಿದ್ದ. ಕಾಯಿ ಒಡೆಯುವ ಮೊದಲೇ ಇಂಡಿಕೇಟರ್ ಒಡೆಯಿತು. ಗಾಡಿ ಎತ್ತಲು ನಾಲ್ಕು ಜನ ಬೇಕಾಯಿತು. ಹೇಮಾವತಿಯನ್ನು ಎತ್ತಲು ಬಂದವರನ್ನು ಅವಳು ಕಣ್ಣಲ್ಲೇ ನಿಲ್ಲಿಸಿ ತಾನೇ ಎದ್ದಳು. ರಾಜಶೇಖರ ಇದೇ ಸಮಯವೆಂದು ಹತ್ತಿರ ಹೋಗಿ ಮೆಲ್ಲಗೆ ಹೇಳಿದ:

“ಈಗ್ಲೂ ಕಾಲ ಮಿಂಚಿಲ್ಲ ಹೇಮಾ. ರೈಲಲ್ಲಿ ಹೋಗು. ಪಾಸಿದೆ.”

“ಪಾಸು ನೀವೇ ಇಟ್ಕಳಿ. ಬೀಳೋದೊಂದು ಬಾಕಿ ಇತ್ತು, ಅದೂ ಮನೆ ಮುಂದೇನೇ ಮುಗೀತು. ಹೋಗ್ಬತ್ತೀನಿ ಕಣ್ರೀ.”

ಅವಳು ಹೊರಟದ್ದು ಜೋರ್‌ಹಾಟ್‌ಗೆ. ಅದು ಅಸ್ಸಾಮಿನ ಊರು. ಬೀರೂರಿನಿಂದ ಹೋಗುವುದೆಂದರೆ ದೇಶವನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೊಲಿದ ಹಾಗೆ. ಅದು ಎಲ್ಲಿದೆಯೆಂದು ಬೀದಿಯಲ್ಲಿ ಸರಿಯಾಗಿ ಗೊತ್ತಿದ್ದದ್ದು ರಾಜಶೇಖರನೊಬ್ಬನಿಗೆ. ಬೀರೂರು ಜಂಕ್ಷನ್ನಿನ ಟಿಕೆಟ್ ಕಿಟಕಿಯ ಹಿಂದೆ ಕೂತು ಅವನು ಬಹಳ ವರ್ಷಗಳಿಂದ ಇಡೀ ದೇಶವನ್ನು ತುಂಡು ತುಂಡಾಗಿ ಮಾರುತ್ತಿದ್ದ. ಜೋಧಪುರಕ್ಕೆ ಎಲ್ಲಿ ಇಳಿದು ಹತ್ತಬೇಕು, ಗಯೆಗೆ ಯಾವ ಗಾಡಿ ಒಳ್ಳೆಯದು, ಎಲ್ಲ ನಾಲಿಗೆಯ ತುದಿಯಲ್ಲಿತ್ತು. ತಾನು ಮಾತ್ರ ಹುಬ್ಬಳ್ಳಿ ದಾಟಿದವನಲ್ಲ. ಓದುವಾಗ ಒಂದೇ ಸಲಕ್ಕೆ ಪಾಸಾಗದವನಿಗೆ ರೈಲ್ವೆಯವರು ವರ್ಷ ವರ್ಷವೂ ಪಾಸು ಕೊಟ್ಟರು. ಅವನು ಅದನ್ನೂ ಉಪಯೋಗಿಸದೆ ಫೇಲಾದ.

ಅಂಥವನ ಹೆಂಡತಿ ಬೈಕಿನಲ್ಲಿ ಒಬ್ಬಳೇ ಹೊರಟದ್ದಕ್ಕೆ ಕಾರಣ ಒಂದು ಮದುವೆ, ಇನ್ನೊಂದು ವಡೆ.

ಮದುವೆ ಅವರ ಮಗಳು ಕೃತಿಕಾಳದು. ತರೀಕೆರೆಯ ವಿಜಯ್ ಜೊತೆ ಗೊತ್ತಾಗಿತ್ತು, ಕಡೂರಿನಲ್ಲಿ ಛತ್ರ ಹಿಡಿದಾಗಿತ್ತು. ಆದರೆ ಹೆಣ್ಣನ್ನು ಕೈಹಿಡಿದು ಮಂಟಪಕ್ಕೆ ಕರೆತರಬೇಕಾದವನು ಸೋದರಮಾವ. ಕೃತಿಕಾಳಿಗೆ ಇದ್ದವನು ಒಬ್ಬನೇ ಮಾವ, ಹೇಮಾವತಿಯ ಅಣ್ಣ ಬಸವರಾಜಪ್ಪ. ಮಿಲಿಟರಿಯಿಂದ ನಿವೃತ್ತನಾಗಿ ಜೋರ್‌ಹಾಟ್ ಹತ್ತಿರ ಟೀ ತೋಟವೊಂದರ ಕಾವಲು ಪಡೆಗೆ ಮುಖ್ಯಸ್ಥನಾಗಿ ಅಲ್ಲೇ ನೆಲೆ ನಿಂತಿದ್ದ. ಮದುವೆಯಾಗಿರಲಿಲ್ಲ. ಹದಿನಾಲ್ಕು ವರ್ಷದಿಂದ, ಅಂದರೆ ಸರಿಯಾಗಿ ಒಂದು ವನವಾಸದಷ್ಟು ಕಾಲ, ತಂಗಿಯ ಮನೆಯವರೊಂದಿಗೆ ಮಾತು ಬಿಟ್ಟಿದ್ದ.

ಮಾತು ಬಿಡಿಸಿದ್ದು ವಡೆ. ಹದಿನಾಲ್ಕು ವರ್ಷದ ಹಿಂದೆ ರಾಜಶೇಖರ ಬೀರೂರಿನಲ್ಲಿ ಹೊಸ ಮನೆ ಕಟ್ಟಿ ಗೃಹಪ್ರವೇಶ ಇಟ್ಟುಕೊಂಡಿದ್ದ. ಬಸವರಾಜಪ್ಪ ಆಗ ಬೆಂಗಳೂರಿನ ಯಾವುದೋ ತರಬೇತಿ ಮುಗಿಸಿ ಅದೇ ದಾರಿಯಲ್ಲಿ ಉತ್ತರಕ್ಕೆ ಹೊರಟವನು, ನಡುವೆ ಎರಡು ದಿನ ಅಜ್ಜಂಪುರದ ತನ್ನ ಮನೆಯಲ್ಲಿ ಇಳಿಯುವವನಿದ್ದ. ಬೀರೂರು ಆದಮೇಲೆ ಅಜ್ಜಂಪುರ ಎಷ್ಟು ದೂರ? ರೈಲು ಸೀನಿ ಮುಗಿಸುವಷ್ಟರಲ್ಲಿ ಬರುತ್ತದೆ. ಅಲ್ಲಿಗೆ ಹೋಗಿ ಕರೆಯಬಹುದಿತ್ತು. ಆದರೆ ರೈಲ್ವೆಯಲ್ಲಿ ಇರುವವರಿಗೆ ಒಂದು ಚಾಳಿಯಿದೆ. ಎಲ್ಲ ಕೆಲಸವನ್ನೂ ಗಾಡಿ ನಿಂತ ಎರಡು ನಿಮಿಷದಲ್ಲೇ ಮುಗಿಸಬೇಕು ಅನ್ನಿಸುತ್ತದೆ. ಭಾವ ಇದೇ ಗಾಡಿಯಲ್ಲಿದ್ದಾನೆಂದು ಗೊತ್ತಾದ ರಾಜಶೇಖರ ಪ್ಲಾಟ್‌ಫಾರಂ ಮೇಲೆ ಓಡಿ, ಕಿಟಕಿಯ ಕಂಬಿಯ ಸಂದಿನಿಂದ ಕರೆಯೋಲೆಯನ್ನು ಒಳಗೆ ತೂರಿಸಿದ. ಬರಿಗೈಯಲ್ಲಿ ಕೊಡಬಾರದೆಂದು ಜೊತೆಗೊಂದು ವಡೆ ಪೊಟ್ಟಣವನ್ನೂ ಇಟ್ಟ. ಎಣ್ಣೆ ಇಳಿದು ಕರೆಯೋಲೆಯ ಮೇಲಿದ್ದ ಬಸವಣ್ಣನ ಚಿತ್ರ ಹಿಂದಿನಿಂದಲೂ ಕಾಣತೊಡಗಿತು.

ಈ ಸೀಮೆಯಲ್ಲಿ ಕರೆಯುವುದೆಂದರೆ ಕಾಗದ ತಲುಪಿಸುವುದಲ್ಲ. ಮನೆಗೆ ಹೋಗಬೇಕು, ಚಪ್ಪಲಿ ಬಿಡಬೇಕು, ಹಾಸಿದ ಚಾಪೆಯ ಮೇಲೆ ಕೂರಬೇಕು, ಕೊಟ್ಟ ನೀರು ಕುಡಿಯಬೇಕು, ಎಲೆ ಅಡಿಕೆಯ ಮೇಲೆ ಪತ್ರಿಕೆ ಇಟ್ಟು ಎರಡೂ ಕೈಯಲ್ಲಿ ಕೊಟ್ಟು, ಮನೆಮಂದಿಯೆಲ್ಲ ಬರಬೇಕು ಎನ್ನಬೇಕು. ಬೀಗ ಹಾಕಿದ್ದರೆ ಇನ್ನೊಂದು ದಿನ ಹೋಗಬೇಕು. ಬಾಗಿಲ ಸಂದಿಯಲ್ಲಿ ಪತ್ರಿಕೆ ಸಿಕ್ಕಿಸಿ ಬಂದವರನ್ನು ಮೂರು ತಲೆಮಾರು ಆಡಿಕೊಳ್ಳುತ್ತಾರೆ. ಅಂಥದ್ದರಲ್ಲಿ ಇದು ಒಡಹುಟ್ಟಿದವನು, ಅದೂ ಚಲಿಸುವ ಕಿಟಕಿ. ಬಸವರಾಜಪ್ಪ ಅಜ್ಜಂಪುರದಲ್ಲಿ ಇಳಿದು ಫೋನು ಮಾಡಿ ಹೇಳಿದ್ದು ಎರಡೇ ಮಾತು:

“ಚಾ ಮಾರೋರು ಕಿಟಕಿಗೆ ಕೊಡ್ತಾರೆ ರಾಜಶೇಖರ್. ಮನೆಯೋರು ಬಾಗಿಲಿಗೆ ಬತ್ತಾರೆ.”

ಗೃಹಪ್ರವೇಶಕ್ಕೆ ಅವನು ಬರಲಿಲ್ಲ. ಆಮೇಲೆ ತಂದೆ ತೀರಿಕೊಂಡಾಗ ಅಜ್ಜಂಪುರಕ್ಕೆ ಬಂದು ಕಾರ್ಯ ಮುಗಿಸಿ, ತಂಗಿಯ ಮುಖವನ್ನೂ ನೋಡದೆ ಹಾಗೇ ಹೊರಟುಹೋದ. ರಾಜಶೇಖರ ಫೋನಿನಲ್ಲಿ ತಪ್ಪಾಯಿತೆಂದ, ಮಠದ ಹಿರಿಯರಿಂದ ಹೇಳಿಸಿದ. ಈಗ ಮದುವೆಯ ಪತ್ರಿಕೆಯನ್ನು ವಾಟ್ಸ್ಯಾಪಿಗೂ ಹಾಕಿ ನೋಡಿದ. ಎರಡು ನೀಲಿ ಗೆರೆ ಬಂದವು. ಬಸವರಾಜಪ್ಪ ಬರುವ ಸೂಚನೆ ಬರಲಿಲ್ಲ. ದಾಯಾದಿಯೊಬ್ಬನನ್ನು ಮಾವನ ಜಾಗದಲ್ಲಿ ನಿಲ್ಲಿಸೋಣ ಎಂದು ನೆಂಟರು ಸಲಹೆ ಕೊಟ್ಟರು. ಮದುವೆಯಲ್ಲಿ ಬಾಡಿಗೆಗೆ ಸಿಗುವುದು ಶಾಮಿಯಾನ, ಪಾತ್ರೆ. ಮಾವ ಅಲ್ಲ ಎಂದು ಹೇಮಾವತಿ ಆ ಮಾತನ್ನು ಅಲ್ಲಿಗೇ ಮುಚ್ಚಿದಳು.

ಹಾಗಾದರೆ ರೈಲಿನಲ್ಲಿ ಹೋಗಿ ಕರೆದು ಬಾ ಎಂದ ರಾಜಶೇಖರ. ರೈಲಿನಿಂದ ಕೆಟ್ಟದ್ದನ್ನು ರೈಲಿನಲ್ಲೇ ಹೋಗಿ ಸರಿಮಾಡುವುದಕ್ಕೆ ಆಗುವುದಿಲ್ಲ ಎಂದಳು ಅವಳು. ವಿಮಾನವಿದೆ ಎಂದ. ವಿಮಾನಕ್ಕೆ ಕಿಟಕಿ ಇಲ್ಲವೇ ಎಂದಳು. ಅಲ್ಲಿಗೆ ಉಳಿದದ್ದು ಕಿಟಕಿಯಿಲ್ಲದ ವಾಹನ.

ಅದೂ ಅಣ್ಣನದೇ. ಸಿಪಾಯಿಯಾಗಿ ಮೊದಲ ರಜೆಗೆ ಬಂದಾಗ ಅವನು ಕೊಂಡು ಅಜ್ಜಂಪುರದಲ್ಲಿ ಬಿಟ್ಟುಹೋದ ಹಳೆಯ ಬುಲೆಟ್; ಲೋಕಕ್ಕೆಲ್ಲ ಎಡಗಾಲಲ್ಲಿ ಗೇರು, ಇದಕ್ಕೆ ಬಲಗಾಲಲ್ಲಿ. ಅಮೃತಮಹಲ್ ಕಾವಲಿನ ಹುಲ್ಲುಗಾವಲಲ್ಲಿ ದನಗಳನ್ನು ಬೆದರಿಸಿಕೊಂಡು ಅವಳಿಗೆ ಗಾಡಿ ಹೊಡೆಯಲು ಕಲಿಸಿದವನೂ ಅಣ್ಣನೇ. ಮಾತು ಬಿಟ್ಟವನು ಗಾಡಿಯನ್ನು ವಾಪಸ್ಸು ಕೇಳಲಿಲ್ಲ, ಇವಳು ಕೊಡಲಿಲ್ಲ. ಅದರ ಮೇಲೆಯೇ ಅವಳು ಸಾಂಬಾರು ಪುಡಿ, ಚಟ್ನಿಪುಡಿ, ಹಪ್ಪಳ ಹೇರಿಕೊಂಡು ಕಡೂರು, ತರೀಕೆರೆ, ಅಜ್ಜಂಪುರದ ಅಂಗಡಿಗಳಿಗೆಲ್ಲ ಹಾಕುತ್ತಿದ್ದಳು. ಪುಡಿ ಹೇಮಕ್ಕ ಎಂದರೆ ಮೂರು ಊರಿಗೂ ಗೊತ್ತು. ಲಿಂಗದಹಳ್ಳಿಯ ತಿರುವಿನಲ್ಲಿ ಎದುರು ಬರುವ ಬಸ್ಸಿನವರೂ ಆ ಸದ್ದು ಕೇಳಿ ಪಕ್ಕಕ್ಕೆ ಸರಿಯುತ್ತಿದ್ದರು. ಆದರೆ ಆ ಮೂರು ಊರಿನ ತ್ರಿಕೋನದಾಚೆಗೆ ಅವಳೂ ಹೋದವಳಲ್ಲ.

ತರೀಕೆರೆಯಿಂದ ಬೀಗಿತ್ತಿ ಕಾಮಾಕ್ಷಮ್ಮ ಫೋನು ಮಾಡಿದರು. ಮದುವೆ ಮಗಳಿಗೋ ನಿಮ್ಮ ಹೆಂಡತಿಗೋ, ದಿಬ್ಬಣ ಇಷ್ಟು ಬೇಗ ಹೊರಟಿತಲ್ಲ ಎಂದು ನಮ್ಮ ಕಡೆ ಕೇಳುತ್ತಿದ್ದಾರೆ ಎಂದರು. ರಾಜಶೇಖರ ಹಲ್ಲು ಕಿರಿದು ಫೋನಿಟ್ಟ. ಅವನಿಗೆ ಹೆಂಡತಿಯ ಭಯಕ್ಕಿಂತ ಹೆಂಡತಿಗೆ ಏನಾದರೂ ಆದೀತೆಂಬ ಭಯ ಹೆಚ್ಚಾಗಿತ್ತು. ಇದು ಅವನಿಗೆ ಹೊಸದು.

ದಿನವೂ ಸಂಜೆ ಅವಳ ಫೋನು ಬರುತ್ತಿತ್ತು. ಮೊಬೈಲಿನ ನಕಾಶೆಯಲ್ಲಿ ಒಂದು ನೀಲಿ ಚುಕ್ಕೆ ಚಿತ್ರದುರ್ಗ ದಾಟಿ, ಕರ್ನೂಲು ದಾಟಿ, ಬೆಜವಾಡ ದಾಟಿ ಸಮುದ್ರದ ಕಡೆಗೆ ಇರುವೆಯ ಹಾಗೆ ಹರಿಯುವುದನ್ನು ಅವನು ಟಿಕೆಟ್ ಕಿಟಕಿಯ ಹಿಂದೆ ಕೂತು ನೋಡುತ್ತಿದ್ದ. ಮಾರಿ ಮಾರಿ ಸವೆದುಹೋಗಿದ್ದ ಹೆಸರುಗಳು ಅವಳ ಬಾಯಲ್ಲಿ ಮೊದಲ ಸಲ ಊರುಗಳಾದವು. ಕರ್ನೂಲಿನ ಆಚೆ ನೆಲವೇ ಬಿಸಿಲಿಗೆ ಬಿರಿದು ಮೆಣಸಿನಕಾಯಿ ಹರಡಿದ ಹಾಗೆ ಕೆಂಪಾಗಿತ್ತಂತೆ. ಹತ್ತಿರ ಹೋಗಿ ನೋಡಿದರೆ ನಿಜವಾಗಿಯೂ ಮೆಣಸಿನಕಾಯಿಯನ್ನೇ ಒಣಗಿಸಿದ್ದರಂತೆ, ಕಣ್ಣು ಹಾಯುವಷ್ಟು ದೂರಕ್ಕೆ. ತನ್ನ ಜನ್ಮದಲ್ಲಿ ಕುಟ್ಟಿದ ಖಾರದ ಪುಡಿಯೆಲ್ಲ ಅಲ್ಲಿನ ಒಂದು ಮೂಲೆಗೆ ಸಾಲದು ಎಂದು ಪುಡಿ ಹೇಮಕ್ಕ ಒಪ್ಪಿಕೊಂಡಳು. ರಾಜಮಂಡ್ರಿಯಲ್ಲಿ ಗೋದಾವರಿ ಸಿಕ್ಕಿತು. ವರ್ಷದಲ್ಲಿ ಒಂಬತ್ತು ತಿಂಗಳು ಮರಳನ್ನೇ ನದಿಯೆಂದು ನಂಬಿಸುವ ವೇದಾವತಿಯ ಪಕ್ಕದವಳಿಗೆ ಅದು ನೀರೆಂದು ನಂಬುವುದೇ ಕಷ್ಟವಾಯಿತು. “ಈ ದಡದಲ್ಲಿ ಉಂಡು ಹೊರಟೆ ಕಣ್ರೀ, ಆ ದಡ ಸೇರೋ ಹೊತ್ಗೆ ಮತ್ತೆ ಹಸಿವು,” ಎಂದಳು.

ಅವಳಿಗೆ ಕೊರತೆಯಾದದ್ದು ಒಂದೇ. ಈ ದೇಶದಲ್ಲಿ ಬಂಕುಗಳಿವೆ, ಡಾಬಾಗಳಿವೆ, ಹೆಜ್ಜೆಗೊಬ್ಬ ದೇವರಿದ್ದಾನೆ. ಹೆಂಗಸೊಬ್ಬಳು ನೆಮ್ಮದಿಯಾಗಿ ಒಳಗೆ ಹೋಗಿ ಅಗುಳಿ ಹಾಕಿಕೊಳ್ಳುವ ಜಾಗ ಮಾತ್ರ ಇಲ್ಲ ಎಂದು ಅವಳು ದಿನವೂ ದೂರುತ್ತಿದ್ದಳು. ರೈಲಾಗಿದ್ದರೆ ಒಂದು ಡಬ್ಬಿಗೆ ನಾಲ್ಕು ಎಂದು ರಾಜಶೇಖರ ಇಲಾಖೆಯ ಮಾನ ಕಾಯುತ್ತಿದ್ದ. ಅದರೊಳಗೆ ನೀವು ಎಷ್ಟು ಸಲ ಹೋಗಿದ್ದೀರಿ ಎಂದು ಅವಳು ಕೇಳಿದ ಮೇಲೆ ಆ ಮಾತು ಬಿಟ್ಟ.

ಒಡಿಶಾದಲ್ಲಿ ಚಿಲ್ಕಾ ಸರೋವರದ ಪಕ್ಕದ ಡಾಬಾದಲ್ಲಿ ಅವಳು ರೊಟ್ಟಿಗೆ ಚಟ್ನಿಪುಡಿ ಹಚ್ಚಿಕೊಂಡು ಕೂತಿದ್ದಾಗ ಕೊಬ್ಬರಿ ತುಂಬಿದ ಲಾರಿಯೊಂದು ನಿಂತಿತು. ಇಳಿದವನು ಚೌಳಹಿರಿಯೂರಿನ ತಿಮ್ಮರಾಯಪ್ಪ. ಬೈಕಿನ ನಂಬರು ನೋಡಿದ, ಅವಳನ್ನು ನೋಡಿದ, ಮತ್ತೆ ನಂಬರು ನೋಡಿದ.

“ಏನಕ್ಕಾ, ತರೀಕೆರೆಗೆ ಹೊಂಟು ದಾರಿ ತಪ್ಪಿದ್ರಾ?”

“ನೀನೆಲ್ಲಿಗಪ್ಪಾ?”

“ಕಲ್ಕತ್ತಾ.”

“ಅಷ್ಟೇನಾ,” ಎಂದಳಂತೆ ಹೇಮಾವತಿ.

ಆ “ಅಷ್ಟೇನಾ” ತಿಮ್ಮರಾಯಪ್ಪನನ್ನು ಕೆಡಿಸಿತು. ಅವನು ವಾಪಸ್ಸು ಬಂದು ಕಡೂರಿನ ಮಂಡಿಯಲ್ಲಿ ಲಾರಿ ನಿಲ್ಲಿಸಿ ಅದನ್ನೇ ಹೇಳಿದ. ಬಂಗಾಳದ ಗಡಿಯ ತನಕ ಅಕ್ಕನ ಹಿಂದೆಯೇ ಹೋದೆ. ಮಧ್ಯೆ ಆಕಾಶವೇ ಮಗುಚಿಕೊಂಡ ಹಾಗೆ ಮಳೆ ಬಂತು, ಲಾರಿಗಳೆಲ್ಲ ಪಕ್ಕಕ್ಕೆ ನಿಂತವು, ಅಕ್ಕ ಮಾತ್ರ ದೀಪ ಹಾಕಿಕೊಂಡು ಮುಂದೆ ಹೋಗುತ್ತಲೇ ಇದ್ದಳು. ನಾನು ಇಪ್ಪತ್ತು ಚಕ್ರದ ಮೇಲೆ ಕೂತು ನಡುಗುತ್ತಿದ್ದೆ, ಅವಳಿಗಿದ್ದದ್ದು ಎರಡು ಎಂದ. ಮಂಡಿಯಲ್ಲಿ ಹರಾಜು ಕೂಗುವವನು ಸ್ವಲ್ಪ ಹೊತ್ತು ಕೂಗುವುದನ್ನು ನಿಲ್ಲಿಸಿದನಂತೆ. ಸುದ್ದಿ ತರೀಕೆರೆ ಮುಟ್ಟುವ ಹೊತ್ತಿಗೆ ಮಳೆ ಚಂಡಮಾರುತವಾಗಿತ್ತು. ಕಾಮಾಕ್ಷಮ್ಮ ಮತ್ತೆ ಫೋನು ಮಾಡಿ, ನಮ್ಮ ಬೀಗಿತ್ತಿ ಈಗ ಯಾವ ರಾಜ್ಯದಲ್ಲಿದ್ದಾರೆ, ಇಲ್ಲಿ ನಾಲ್ಕು ಜನ ಕೇಳುತ್ತಿದ್ದಾರೆ, ನನಗೆ ದಿನಾ ಹೇಳುತ್ತಿರಿ ಎಂದರು. “ನಿಮ್ಮ ಹೆಂಡತಿ” ಹೋಗಿ “ನಮ್ಮ ಬೀಗಿತ್ತಿ” ಬಂದದ್ದನ್ನು ರಾಜಶೇಖರ ಗಮನಿಸಿದ.

ಫರಕ್ಕಾದಲ್ಲಿ ಗಂಗೆಯನ್ನು ದಾಟುವಾಗ ಅವಳು ಗಾಡಿ ನಿಲ್ಲಿಸಲಾಗದೆ ಹೆಲ್ಮೆಟ್ಟಿನೊಳಗೇ ಶರಣು ಎಂದುಕೊಂಡಳು. ಸಿಲಿಗುರಿಯ ಆಚೆ ಒಂದು ಬೆಳಗ್ಗೆ ಉತ್ತರದ ದಿಕ್ಕಿನಲ್ಲಿ ಮೋಡದ ಮೇಲೆ ಇನ್ನೊಂದು ಬಿಳಿ ಮೋಡ ಅಲುಗಾಡದೆ ಕೂತಿತ್ತು. ಅದು ಮೋಡವಲ್ಲ, ಹಿಮಾಲಯ ಎಂದು ಚಾ ಅಂಗಡಿಯವಳು ಕೈಸನ್ನೆಯಲ್ಲಿ ತಿಳಿಸಿದಳು. ಆ ದಿನದ ಫೋನಿನಲ್ಲಿ ಹೇಮಾವತಿ ಕೇಳಿದ್ದು ಒಂದೇ ಮಾತು: ನೀವು ಇದಕ್ಕೆಲ್ಲ ಟಿಕೆಟ್ ಕೊಡುತ್ತೀರಲ್ಲ, ನಿಮಗೆ ಒಂದು ಸಲವೂ ನೋಡಬೇಕು ಅನ್ನಿಸಲಿಲ್ಲವೇ? ಅದರಲ್ಲಿ ಆಕ್ಷೇಪಣೆ ಇರಲಿಲ್ಲ, ಬರೀ ಆಶ್ಚರ್ಯವಿತ್ತು. ಅವಳು ಅಸ್ಸಾಮು ಮುಟ್ಟಿದ ಮೇಲೆ, ಇಪ್ಪತ್ತೇಳು ವರ್ಷ ತನ್ನ ತಟ್ಟೆಗೆ ಬಡಿಸಿದ ಕೈ ಈಗ ಬ್ರಹ್ಮಪುತ್ರೆಯನ್ನು ದಾಟಿ ಅದರ ದಡದಲ್ಲಿ ಗಾಡಿ ತಿರುಗಿಸುತ್ತಿದೆ ಎಂಬುದನ್ನು ಅವನು ಮನಸ್ಸಿನಲ್ಲಿ ಎಷ್ಟು ಸಲ ಹೇಳಿಕೊಂಡರೂ ಅದು ಪೂರ್ತಿ ಒಳಗಿಳಿಯಲಿಲ್ಲ.

ಆದರೆ ದೂರ ಕಡಿಮೆಯಾದಷ್ಟೂ ಅವನ ಭಯ ಹೆಚ್ಚಿತು. ಇಷ್ಟು ದೂರ ಹೋದವಳಿಗೆ ಬಾಗಿಲು ತೆರೆಯದಿದ್ದರೆ? ಬಸವರಾಜಪ್ಪ ಹಟದ ಮನುಷ್ಯ. ಬರುವ ವಿಷಯ ಅವನಿಗೆ ತಿಳಿಸಿಯೂ ಇರಲಿಲ್ಲ. ತಿಳಿಸಿದರೆ ಬೇರೆ ಊರಿಗೆ ಹೋಗಿಬಿಡುತ್ತಾನೆಂದು ಹೇಮಾವತಿಯ ಲೆಕ್ಕ. ಬಾಗಿಲಲ್ಲಿ ನಿಂತು ಮೊದಲು ಏನು ಹೇಳಬೇಕು ಎಂದು ರಾಜಶೇಖರ ದಿನಕ್ಕೊಂದು ವಾಕ್ಯ ಕಟ್ಟಿ ಫೋನಿನಲ್ಲಿ ಒಪ್ಪಿಸುತ್ತಿದ್ದ. ಅಪ್ಪನನ್ನು ನೆನೆಸಿ ಶುರು ಮಾಡು ಎಂದ. ಮರುದಿನ, ಬೇಡ, ತಪ್ಪು ನನ್ನದು ಅಂತಲೇ ಶುರು ಮಾಡು ಎಂದ. ಅದರ ಮರುದಿನ, ಕೃತಿಕಾ ಸಣ್ಣವಳಿದ್ದಾಗ ಅವನ ಹೆಗಲೇರುತ್ತಿದ್ದದ್ದನ್ನು ಮೊದಲು ಎತ್ತು ಎಂದ. ಹೇಮಾವತಿ ಎಲ್ಲಕ್ಕೂ ಹೂಂ ಎಂದಳು. ತನಗೂ ದಾರಿಯುದ್ದಕ್ಕೂ ಅದೇ ಯೋಚನೆ, ಗೇರು ಬದಲಾಯಿಸಿದಾಗಲೆಲ್ಲ ಮಾತೂ ಬದಲಾಗುತ್ತಿದೆ ಎಂದಳು.

ಕೊನೆಯ ಫೋನು ಬಂದದ್ದು ಕಾಜಿರಂಗಾದ ಕಾಡು ಶುರುವಾಗುವ ಕಡೆಯಿಂದ. ರಸ್ತೆಯ ಪಕ್ಕದ ಜೌಗಿನಲ್ಲಿ ಘೇಂಡಾಮೃಗ ಮೇಯುತ್ತಿದೆ, ಬಂಡೆಗೆ ಕಾಲು ಬಂದ ಹಾಗಿದೆ, ನನ್ನ ಬುಲೆಟ್ಟಿನ ಸದ್ದಿಗೆ ತಲೆ ಎತ್ತಿ ನೋಡಿ ತನ್ನವರೇ ಇರಬೇಕೆಂದು ಸುಮ್ಮನಾಯಿತು ಎಂದು ನಗುತ್ತಾ ಹೇಳಿದಳು. ಇನ್ನು ಮುಂದೆ ಗಾಡಿ ನಿಲ್ಲಿಸುವ ಹಾಗಿಲ್ಲ, ಬೋರ್ಡು ಹಾಕಿದ್ದಾರೆ, ನಿಂತರೆ ಅಣ್ಣನ ಮನೆ ಮುಂದೆಯೇ ಎಂದು ಇಟ್ಟಳು.

ಆ ಸಂಜೆ ಫೋನು ಬರಲಿಲ್ಲ. ನೀಲಿ ಚುಕ್ಕೆ ಜೋರ್‌ಹಾಟ್‌ನ ಆಚೆ ಒಂದು ಹಸಿರು ಚೌಕದಲ್ಲಿ ನಿಂತುಬಿಟ್ಟಿತ್ತು. ಬೆಳಗ್ಗೆಯೂ ಅಲ್ಲೇ ಇತ್ತು. ರಾಜಶೇಖರ ಮಾಡಿದರೆ ಅವಳು ಎತ್ತಲಿಲ್ಲ. ಅವನು ಕೆಲಸಕ್ಕೆ ಹೋದ, ಅರಸೀಕೆರೆ ಕೇಳಿದವರಿಗೆ ಹರಿಹರದ ಟಿಕೆಟ್ ಕೊಟ್ಟ, ಬೈಸಿಕೊಂಡ, ಮತ್ತೆ ಕೊಟ್ಟ. ಕೃತಿಕಾ ಅಪ್ಪನಿಗೆ ಊಟದ ಡಬ್ಬಿ ತಂದವಳು ಕಿಟಕಿಯ ಹೊರಗೇ ಉಳಿದಳು. ಮಾವ ಬರದಿದ್ದರೂ ಪರವಾಗಿಲ್ಲ, ಅಮ್ಮ ಬಂದರೆ ಸಾಕು ಎಂದಳು. ಆಗ ಫೋನು ಬಡಿದುಕೊಂಡಿತು.

“ಬತ್ತಾನೆ,” ಎಂದಳು ಹೇಮಾವತಿ. “ಮದ್ವೆಗೆ ನಾಕು ದಿನ ಮುಂಚೆ ರೈಲಲ್ಲಿ ಬತ್ತಾನಂತೆ. ನಂಗೆ ನಿನ್ನೆಯಿಂದ ನಿದ್ದೆ. ಇಡ್ಲಾ?”

ಏನು ಹೇಳಿದೆ, ಹೇಗೆ ಒಪ್ಪಿದ, ಯಾವ ವಾಕ್ಯ ಕೆಲಸ ಮಾಡಿತು ಎಂದು ಅವನು ಕೇಳುವಷ್ಟರಲ್ಲಿ ಅವಳು ಇಟ್ಟಾಗಿತ್ತು.

ಬೈಕನ್ನು ರೈಲಿಗೆ ಹಾಕಿ ನೀನೂ ಹತ್ತು ಎಂದು ಅಣ್ಣನೇ ಹೇಳಿದನಂತೆ. ಬಂದ ದಾರಿ ಗೊತ್ತಾಗಿದೆಯಲ್ಲ ಎಂದು ಅವಳು ಬುಲೆಟ್ಟಿನಲ್ಲೇ ವಾಪಸ್ಸು ಬಂದಳು, ಒಬ್ಬಳೇ, ಮುಖ ಹುರಿದ ಕಡಲೆಯ ಬಣ್ಣಕ್ಕೆ ತಿರುಗಿ. ಬೀದಿಯವರು ಹಾರ ಹಿಡಿದು ಕಾಯುತ್ತಿದ್ದರೆ ಅವಳು ನೇರ ಕಡೂರಿಗೆ ಹೋಗಿ, ಬಾಕಿಯಿದ್ದ ಚಟ್ನಿಪುಡಿಗೆ ಕಾಯುತ್ತಿದ್ದ ಅಂಗಡಿಯವರಿಗೆ ಸಮಾಧಾನ ಹೇಳಿ, ಆಮೇಲೆ ಮನೆಗೆ ಬಂದಳು.

ಬಸವರಾಜಪ್ಪ ಬರುವ ದಿನ ರಾಜಶೇಖರ ರಜೆ ಹಾಕಿ, ತಟ್ಟೆಯಲ್ಲಿ ಎಲೆ ಅಡಿಕೆ, ಪತ್ರಿಕೆ ಇಟ್ಟುಕೊಂಡು ಪ್ಲಾಟ್‌ಫಾರಂ ಮೇಲೆ ನಿಂತ. ಗಾಡಿ ನಿಂತಾಗ ಕಿಟಕಿಗಳ ಕಡೆ ಕಣ್ಣೂ ಹಾಯಿಸದೆ ಡಬ್ಬಿಯ ಬಾಗಿಲಿಗೆ ಹೋದ. ಬಸವರಾಜಪ್ಪ ಬಾಗಿಲಲ್ಲಿ ನಿಂತಿದ್ದ. ಮೀಸೆ ನರೆತಿತ್ತು, ಬೆನ್ನು ಬಾಗಿರಲಿಲ್ಲ. ತಟ್ಟೆಯನ್ನು ನೋಡಿದ. ರಾಜಶೇಖರನ ಹದಿನಾಲ್ಕು ವರ್ಷದ ವಾಕ್ಯಗಳೆಲ್ಲ ಒಂದೇ ಸಲ ಬಾಗಿಲಿಗೆ ನುಗ್ಗಿ ಸಿಕ್ಕಿಕೊಂಡವು.

“ವಡೆ ಎಲ್ಲಿ?” ಎಂದ ಬಸವರಾಜಪ್ಪ, ಟ್ರಂಕನ್ನು ಅವನ ಕೈಗೆ ದಾಟಿಸುತ್ತಾ.

ಮದುವೆ ನಡೆಯಿತು. ಮಾವ ಕೃತಿಕಾಳ ಕೈಹಿಡಿದು ಮಂಟಪಕ್ಕೆ ಕರೆತರುವಾಗ ಛತ್ರದಲ್ಲಿ ಅರ್ಧ ಜನ ಹೆಣ್ಣನ್ನು ನೋಡಿದರು, ಅರ್ಧ ಜನ ಕಂಬದ ಪಕ್ಕದಲ್ಲಿ ರೇಷ್ಮೆ ಸೀರೆಯುಟ್ಟು ನಿಂತ ಹೆಣ್ಣಿನ ತಾಯಿಯನ್ನು ನೋಡಿದರು. ಕಾಮಾಕ್ಷಮ್ಮ ತಮ್ಮ ಕಡೆಯವರನ್ನು ಸಾಲಾಗಿ ಕರೆತಂದು ಇವರೇ ಅವರು ಎಂದು ತೋರಿಸಿದರು. ಹೊರಗೆ ನಿಲ್ಲಿಸಿದ್ದ ಬುಲೆಟ್ಟಿನ ಮುಂದೆ ಹುಡುಗಿಯರು ಫೋಟೋ ತೆಗೆಸಿಕೊಂಡರು. ಒಡೆದ ಇಂಡಿಕೇಟರನ್ನು ಕೆಲವರು ಮುಟ್ಟಿ ಕಣ್ಣಿಗೊತ್ತಿಕೊಂಡದ್ದೂ ಉಂಟು. ಊಟದ ಪಂಕ್ತಿಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಅಣ್ಣನ ಬಾಗಿಲಲ್ಲಿ ನಿಂತು ಅವಳು ಏನು ಹೇಳಿರಬಹುದು? ತಾಯಿಯ ಮೇಲೆ ಆಣೆ ಹಾಕಿದಳು ಎಂದರು ಕೆಲವರು. ಏನೂ ಹೇಳದೆ ಸೆರಗೊಡ್ಡಿದಳು ಎಂದರು ಇನ್ನು ಕೆಲವರು. ಬುಲೆಟ್ಟಿನ ಸದ್ದು ಕೇಳಿಯೇ ಕರಗಿಹೋದ ಎಂದು ತಿಮ್ಮರಾಯಪ್ಪ ಎರಡನೇ ಸಲ ಪಾಯಸ ಹಾಕಿಸಿಕೊಳ್ಳುತ್ತಾ ಸಾಧಿಸಿದ. ರಾಜಶೇಖರ ಭಾವನನ್ನೇ ಕೇಳಿದ್ದ. ಅವನು ಮೀಸೆಯಡಿ ನಕ್ಕು, ನಿನ್ನ ಹೆಂಡತಿಯನ್ನೇ ಕೇಳು ಎಂದಿದ್ದ.

ಹೆಣ್ಣೊಪ್ಪಿಸಿ, ದಿಬ್ಬಣದ ಬಸ್ಸು ತರೀಕೆರೆ ರಸ್ತೆ ಹಿಡಿದ ಮೇಲೆ, ಖಾಲಿ ಛತ್ರದ ಮೆಟ್ಟಿಲ ಮೇಲೆ ಗಂಡ ಹೆಂಡತಿ ಇಬ್ಬರೇ ಕೂತರು. ಹೇಮಾವತಿ ಅತ್ತ ಕಣ್ಣು ಒರೆಸಿಕೊಂಡು ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಆ ಕೈಗಳನ್ನು ರಾಜಶೇಖರ ಸ್ವಲ್ಪ ಹೊತ್ತು ನೋಡಿದ. ಗೋದಾವರಿ, ಗಂಗೆ, ಬ್ರಹ್ಮಪುತ್ರೆ ಮೂರನ್ನೂ ದಾಟಿ ಬಂದ ಕೈಗಳು. ಆಮೇಲೆ ದೇವರ ಮುಂದೆ ಕೇಳುವವನ ದನಿಯಲ್ಲಿ ಕೇಳಿದ:

“ಹೇಮಾ, ಈಗಾದ್ರೂ ಹೇಳೇ. ಅಣ್ಣ ಬಾಗಿಲು ತೆಗೆದಾಗ ಮೊದ್ಲು ಏನಂದೆ?”

ಅವಳು ಎಲೆ ಮಡಿಸಿ ಬಾಯಿಗೆ ಇಟ್ಟುಕೊಂಡು, ಜಗಿದು, ದವಡೆಗೆ ಸರಿಸಿಕೊಂಡಳು.

“ಆ ಘೇಂಡಾಮೃಗದ ಕಾಡಿಂದ ತಡ್ಕೊಂಡು ಬಂದಿದ್ದೆ ಕಣ್ರೀ. ‘ಅಣ್ಣಾ, ಬಚ್ಚಲು ಯಾವ ಕಡೆ?’ ಅಂದೆ. ‘ಎಡಗಡೆ’ ಅಂದ.”